ಮ್ಯಾಮ್ ಪ್ರೋಸಿಂಗರ ಉಬ್ಬುಮುದ್ರೆ

ಲೀಜೆಲ್ ಮ್ಯಾಮ್ ಪ್ರೋಸಿಂಗರ ಮೇಜಿನ ಮೂರನೆಯ ಡ್ರಾಯರನ್ನು ಜಗ್ಗಿದಳು. ಅದು ಪೂರ್ತಿ ಕಳಚಿ ಕೈಗೆ ಬಂತು, ಒಳಗಿದ್ದುದೆಲ್ಲ ನೆಲದ ಪಾಲಾಯಿತು. ಮೋಟು ಪೆನ್ಸಿಲುಗಳು, ತಲೆನೋವಿನ ಎಣ್ಣೆಯ ಸೀಸೆಗಳು, ಯಾವ ಹುಡುಗಿಯದೋ ಒಂಟಿ ಓಲೆ, ಅರ್ಧ ತಿಂದು ಮಡಿಸಿಟ್ಟ ಬಿಸ್ಕತ್ತಿನ ಪೊಟ್ಟಣ. ಬೇಕಾಗಿದ್ದದ್ದು ಮಾತ್ರ ಇರಲಿಲ್ಲ.

“ಇಲ್ಲೂ ಇಲ್ವಾ ಮ್ಯಾಮ್?” ಬಾಗಿಲಲ್ಲಿ ನಿಂತಿದ್ದ ರೋಡಲಿನ್ ಕೇಳಿದಳು.

“ಇನ್ನೊಂದು ಕಪಾಟಿದೆ, ಇರು.”

“ಅದನ್ನ ಆಗ್ಲೇ ಎರಡು ಸಲ ನೋಡಿದ್ರಿ.”

ನೋಡಿದ್ದು ನಿಜ. ಆದರೆ ಹಾಗಂತ ಹದಿನೇಳರ ಹುಡುಗಿಯ ಎದುರು ಒಪ್ಪಿಕೊಳ್ಳುವುದು ಹೇಗೆ? ಲೀಜೆಲ್ ಆ ಶಾಲೆಯಲ್ಲಿ ಅಡುಗೆ, ಹೊಲಿಗೆ ಕಲಿಸುವವಳು. ನಿನ್ನೆ ಸಂಜೆ ಹೆಡ್ಮಾಸ್ತರು ಮಗ್ತಿಬಾಯ್ ಸರ್ ಅವಳ ಕೈಗೆ ಒಂದು ಹಾಳೆ ಕೊಟ್ಟಿದ್ದರು. ಮುಂದಿನ ಆದೇಶದವರೆಗೆ ಮಕ್ಕಳ ಸಲಹೆಗಾರ್ತಿ ನೀನೇ ಎಂದು ಅದರಲ್ಲಿತ್ತು. ಇಪ್ಪತ್ತಾರು ವರ್ಷದ ಅವಳಿಗೆ ಒಂದೇ ಸಂಜೆಗೆ ಎರಡು ಸಾವಿರದ ಮುನ್ನೂರು ಮಕ್ಕಳಾದರು. ಮೂವತ್ತೊಂದು ವರ್ಷ ಆ ಕುರ್ಚಿಯಲ್ಲಿ ಕೂತಿದ್ದ ಮ್ಯಾಮ್ ಪ್ರೋಸಿಂಗ್ ಕಳೆದ ವಾರ ಮೆಟ್ಟಿಲ ಮೇಲೆ ಕುಸಿದವರು ಮತ್ತೆ ಏಳಲಿಲ್ಲ. ಇವತ್ತು ಹನ್ನೆರಡೂವರೆಗೆ ಚರ್ಚಿನಲ್ಲಿ ಪೂಜೆ, ಆಮೇಲೆ ಮಣ್ಣು.

ರೋಡಲಿನ್‌ಗೆ ಲುಸೇನಾ ಪಟ್ಟಣದ ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಬೇರೆಲ್ಲ ಕಾಗದ ಕೊಟ್ಟಾಗಿತ್ತು, ನಡತೆ ಪತ್ರ ಒಂದು ಬಾಕಿ. ಇವತ್ತು ಸಂಜೆ ಐದರೊಳಗೆ ಅದು ಅಲ್ಲಿನ ಕಚೇರಿಯ ಕಿಟಕಿ ತಲುಪಬೇಕು, ಇಲ್ಲದಿದ್ದರೆ ಸೀಟು ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಪತ್ರವನ್ನು ಮ್ಯಾಮ್ ಪ್ರೋಸಿಂಗ್ ಮೊದಲೇ ಬರೆದು ಟೈಪ್ ಮಾಡಿಟ್ಟಿದ್ದರು, ಸಹಿಯನ್ನು ಈಗ ಹೆಡ್ಮಾಸ್ತರು ಹಾಕುತ್ತಾರೆ. ಆದರೆ ಹಾಳೆಯ ಅಡಿಯಲ್ಲಿ, ಈ ದೇಶದ ಪ್ರತಿಯೊಂದು ಕಾಗದದ ಅಡಿಯಲ್ಲೂ ಇರುವ ಹಾಗೆ, ಶಾಲೆಯ ಉಬ್ಬುಮುದ್ರೆ ಇಲ್ಲದೆ ಸಲ್ಲದು ಎಂದು ಅಚ್ಚಾಗಿತ್ತು. ಉಬ್ಬುಮುದ್ರೆಗೆ ಶಾಯಿ ಇಲ್ಲ. ಅದು ಅಡಕತ್ತರಿಯ ಅಣ್ಣನ ಹಾಗಿರುವ ಕಬ್ಬಿಣದ ಇಕ್ಕಳ, ಹಾಳೆಯನ್ನು ನಡುವೆ ಇಟ್ಟು ಒತ್ತಿದರೆ ಕಾಗದವೇ ಉಬ್ಬಿ ಶಾಲೆಯ ಹೆಸರು ಏಳುತ್ತದೆ. ಬೆರಳಾಡಿಸಿ ನೋಡದೆ ಲುಸೇನಾದವರು ಏನನ್ನೂ ತೆಗೆದುಕೊಳ್ಳುವುದಿಲ್ಲ.

“ಕಪಾಟಿನಲ್ಲೇ ಇರುತ್ತೆ ಬಿಡು,” ಮಗ್ತಿಬಾಯ್ ಸರ್ ಫೋನಿನಲ್ಲಿ ಹೇಳಿದರು. “ಎಲ್ಲಿಗೆ ಹೋಗುತ್ತೆ, ಅದಕ್ಕೇನು ಕಾಲಿದೆಯಾ?”

ಅದಕ್ಕೆ ಕಾಲಿತ್ತು ಎನ್ನುವುದು ಗೇಟಿನ ಕಾವಲುಗಾರನಿಗೆ ಗೊತ್ತಿತ್ತು. “ಆಯಮ್ಮ ದಿನಾ ಬ್ಯಾಗಲ್ಲಿ ಹಾಕ್ಕೊಂಡು ಮನೆಗೆ ಹೋಗ್ತಿದ್ರು ಮ್ಯಾಮ್. ಹನ್ನೊಂದು ವರ್ಷದಿಂದ.”

* * *

ಹನ್ನೊಂದು ವರ್ಷದ ಹಿಂದೆ ಯಾರೋ ಕಪಾಟು ತೆಗೆದು, ಒಬ್ಬ ಹುಡುಗನ ನಡತೆ ಪತ್ರಕ್ಕೆ ಮ್ಯಾಮ್ ಪ್ರೋಸಿಂಗರ ಕಳ್ಳ ಸಹಿ ಹಾಕಿ ಮುದ್ರೆ ಒತ್ತಿಕೊಂಡು ಹೋಗಿದ್ದರು. ಆ ಹುಡುಗ ಇನ್ನೊಬ್ಬನ ಎರಡು ಹಲ್ಲು ಉದುರಿಸಿದವನು. ಹಲ್ಲು ಹೋದವನ ತಾಯಿ ಬಂದು ಮ್ಯಾಮ್ ಪ್ರೋಸಿಂಗರ ಮೇಜಿನ ಮುಂದೆ ನಿಂತಳು.

“ನಿಮ್ಮ ಮುದ್ರೆ ನಿಮ್ಮ ಮಾತಲ್ವಾ?” ಎಂದಳು, ಅಷ್ಟೇ.

ಅವತ್ತಿನಿಂದ ಆ ಇಕ್ಕಳ ಒಂದು ಮುಖ ಒರೆಸುವ ಟವೆಲಿನಲ್ಲಿ ಸುತ್ತಿಕೊಂಡು ಮ್ಯಾಮ್ ಪ್ರೋಸಿಂಗರ ಕೈಚೀಲ ಸೇರಿತು. ಮಾರುಕಟ್ಟೆಗೆ, ಚರ್ಚಿಗೆ, ಹಲ್ಲಿನ ಡಾಕ್ಟರ ಬಳಿಗೆ, ಎಲ್ಲ ಕಡೆ ಹೋಗಿ ಬಂತು. ಚೀಲದ ಹಿಡಿ ವರ್ಷಕ್ಕೆರಡು ಸಲ ಕಿತ್ತುಹೋಗುತ್ತಿತ್ತು. ಅವರ ಬಲ ಭುಜ ಎಡಕ್ಕಿಂತ ಒಂದು ಬೆರಳು ಕೆಳಗಿತ್ತು, ಮಕ್ಕಳು ಹಿಂದಿನಿಂದ ಅದನ್ನು ನಕಲು ಮಾಡಿ ನಡೆದು ತೋರಿಸುತ್ತಿದ್ದರು.

* * *

ಮನೆಯ ಮುಂದೆ ಹಾಕಿದ್ದ ಟಾರ್ಪಾಲಿನ ಕೆಳಗೆ ಜನ ಕಾಫಿ ಕುಡಿಯುತ್ತ ಕೂತಿದ್ದರು. ಐದು ದಿನ ಹೆಣ ಕಾದವರ ಮುಖಗಳು, ನಿದ್ದೆಗೆಟ್ಟು ಊದಿದ್ದವು. ಲೀಜೆಲ್ ಒಳಗೆ ಹೋಗುವಷ್ಟರಲ್ಲಿ ಅವಳೇ ಹೊಸ ಸಲಹೆಗಾರ್ತಿ ಎನ್ನುವ ಸುದ್ದಿ ಅವಳಿಗಿಂತ ಮೊದಲು ಒಳಗೆ ಹೋಗಿತ್ತು. ಎಲ್ಲರೂ ಅವಳಿಗೆ ಒಂದೊಂದು ಮಾತು ಹೇಳಬೇಕೆಂದು ಕಾದಿದ್ದರು.

“ನನ್ನನ್ನ ಹಡಗಿನ ಇಂಜಿನಿಯರ್ ಮಾಡ್ತೀನಿ ಅಂತ ಹಿಂದೆ ಬಿದ್ದಿದ್ರು,” ಎಂದ ದೆನ್ಸಿಯೊ. ಶವದ ವ್ಯಾನು ಓಡಿಸುವವನು ಅವನೇ, ಪೆಟ್ಟಿಗೆ ಮುಚ್ಚುವವನೂ ಅವನೇ. “ಪ್ರತಿ ವರ್ಷ ಅರ್ಜಿ ತಂದು ಕೈಗಿಡೋರು. ಹೋದ ವರ್ಷಾನೂ ಕೊಟ್ರು. ನಂಗೀಗ ನಲವತ್ತೊಂದು ಮ್ಯಾಮ್.”

“ನನ್ನ ಮಗನಿಗೆ ಕಾಲೇಜು ಬೇಡ, ವೆಲ್ಡಿಂಗ್ ಕಲಿ ಅಂದುಬಿಟ್ರು,” ಎಂದಳು ಪಕ್ಕದಲ್ಲಿದ್ದ ಒಬ್ಬ ಹೆಂಗಸು. “ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದೆ.”

“ಈಗ?”

“ಈಗ ವೆಲ್ಡಿಂಗ್ ಅಂಗಡಿ ಇದೆ. ಆದ್ರೂ ಹಾಗನ್ನಬಾರದಿತ್ತು.”

ಒಬ್ಬನಿಗೆ ಇಪ್ಪತ್ತು ವರ್ಷ ಹೋಗು ಎನ್ನುವುದು, ಇನ್ನೊಬ್ಬನಿಗೆ ಒಂದೇ ಮಾತಿಗೆ ಬೇಡ ಎನ್ನುವುದು. ಈ ಹೆಂಗಸಿನ ಕೆಲಸ ನಿಜವಾಗಿ ಏನಾಗಿತ್ತು ಎಂದು ಲೀಜೆಲ್‌ಗೆ ತಲೆಬುಡ ತಿಳಿಯಲಿಲ್ಲ. ಅವಳಿಗೆ ಭಯವಾಯಿತು. ಸೋಮವಾರ ಆ ಕುರ್ಚಿಯಲ್ಲಿ ಕೂರಬೇಕಾದವಳು ತಾನು.

ಮ್ಯಾಮ್ ಪ್ರೋಸಿಂಗರ ಅಕ್ಕ ಸಲೂದ್ ಪೆಟ್ಟಿಗೆಯ ತಲೆಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅರವತ್ತೆಂಟು ವರ್ಷ, ಕಡ್ಡಿಯಂಥ ಮೈ, ಅತ್ತ ಗುರುತಿಲ್ಲ. ಇಬ್ಬರೂ ಮದುವೆಯಾದವರಲ್ಲ, ಆ ಮನೆಯಲ್ಲಿ ಇದ್ದವರು ಅವರಿಬ್ಬರೇ. ಗಾಜಿನ ಕೆಳಗೆ ಮ್ಯಾಮ್ ಪ್ರೋಸಿಂಗ್ ಟೀಚರುಗಳ ಸೋಮವಾರದ ಯೂನಿಫಾರ್ಮಿನಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಮಲಗಿದ್ದರು.

“ಟವೆಲಲ್ಲಿ ಸುತ್ತಿದ್ದ ಕಬ್ಬಿಣದ ಸಾಮಾನಾ?” ಎಂದಳು ಸಲೂದ್. “ಅದು ಅವಳ ಕಾಲ ಹತ್ರ ಇದೆ.”

“ಎಲ್ಲಿ?”

“ಒಳಗೆ. ಪೆಟ್ಟಿಗೇಲಿ. ಮಲಗುವಾಗ್ಲೂ ದಿಂಬಿನ ಪಕ್ಕ ಇಟ್ಕೊಳ್ಳೋಳು. ಏನಂತ ಕೇಳಿದ್ರೆ, ಅಕ್ಕ, ಇದು ನನ್ನ ಮಾತು ಅನ್ನೋಳು. ನಂಗೇನು ಅರ್ಥ ಆಗ್ಬೇಕು? ಜೀವದ ಸಾಮಾನು, ಜೊತೇಲೇ ಹೋಗ್ಲಿ ಅಂತ ಇಡಿಸಿದೆ.”

ಲೀಜೆಲ್ ವಿಷಯ ಹೇಳಿದಳು. ಕಾಲೇಜು, ಐದು ಗಂಟೆ, ಮುದ್ರೆ. ಸಲೂದ್ ಕೇಳಿಸಿಕೊಂಡು ಕಡ್ಡಿ ಮುರಿದ ಹಾಗೆ ಹೇಳಿದಳು:

“ಸತ್ತವರಿಗೆ ಕೊಟ್ಟಿದ್ದು ಕೊಟ್ಟ ಹಾಗೆ. ವಾಪಸ್ ತಗೊಂಡ್ರೆ ಕೇಳ್ಕೊಂಡು ಬರ್ತಾರೆ. ನಾನೊಬ್ಳೇ ಇರ್ತೀನಿ ಈ ಮನೇಲಿ. ಆಗಲ್ಲ.”

ರೋಡಲಿನ್ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತಳು. ಅಳುತ್ತಿದ್ದಾಳೆಂದುಕೊಂಡು ಲೀಜೆಲ್ ಹಿಂದೆಯೇ ಹೋದಳು. ಹುಡುಗಿಯ ಮುಖದಲ್ಲಿದ್ದದ್ದು ಸಿಟ್ಟು.

“ಅವರಿಗೆ ನಾನು ಯಾರಂತಾನೇ ಗೊತ್ತಿರ್ಲಿಲ್ಲ ಮ್ಯಾಮ್. ಎರಡು ವರ್ಷ ನನ್ನನ್ನ ರೋವೆನಾ ಅಂತಿದ್ರು. ಅದು ನಮ್ಮಕ್ಕನ ಹೆಸರು. ಅವಳು ಶಾಲೆ ಬಿಟ್ಟು ಆರು ವರ್ಷ ಆಯ್ತು. ಗೊತ್ತಿಲ್ದೋರು ನನ್ನ ನಡತೆ ಚೆನ್ನಾಗಿದೆ ಅಂತ ಹೇಗೆ ಬರೆದ್ರು?”

ಉತ್ತರ ಕೊಟ್ಟವಳು ರೋಡಲಿನ್‌ಳ ತಾಯಿ ಬೆಬಾಂಗ್. ಒಣಮೀನು ಮಾರುವವಳು, ಕೈ ಒರೆಸಿಕೊಳ್ಳುತ್ತ ಆಗತಾನೆ ಬಂದಿದ್ದಳು.

“ಹೆಸರು ಗೊತ್ತಿಲ್ದಿದ್ರೇನು, ನಮ್ಮನೆ ದಾರಿ ಗೊತ್ತಿತ್ತಲ್ಲ,” ಎಂದಳು.

* * *

ಒಂದು ಶನಿವಾರ ಮ್ಯಾಮ್ ಪ್ರೋಸಿಂಗ್ ಕಡಲ ದಡದಲ್ಲಿ ಮೀನು ಒಣಗಿಸುವ ತಟ್ಟಿಗಳ ಬಳಿ ಬಂದು, ಛತ್ರಿ ಹಿಡಿದು ನಿಂತರು. ಬೆಬಾಂಗ್ ಮೀನು ತಿರುವಿ ಹಾಕುತ್ತಿದ್ದಳು. ಉಪ್ಪು ಎಷ್ಟು ಹೊತ್ತು, ಬಿಸಿಲು ಎಷ್ಟು ದಿನ, ಬೆಕ್ಕಿಗೆ ಏನು ಮಾಡುತ್ತೀರಿ ಎಂದು ಒಂದು ಗಂಟೆ ಕೇಳಿ, ಒಂದು ಕಟ್ಟು ಕೊಂಡು ಹೋದರು. ಮುಂದಿನ ಶನಿವಾರವೂ ಅಷ್ಟೆ. ಕಾಲೇಜಿನ ಸುದ್ದಿಯೇ ಇಲ್ಲ. ದೊಡ್ಡ ಮಗಳು ರೋವೆನಾ ಹದಿನೆಂಟಕ್ಕೇ ಮನಿಲಾಕ್ಕೆ ಮನೆಗೆಲಸಕ್ಕೆ ಹೋಗಿದ್ದಳು, ಎರಡನೆಯವಳನ್ನು ತಟ್ಟಿಗಳ ಬಳಿಯೇ ಇಟ್ಟುಕೊಳ್ಳಬೇಕೆಂದು ಬೆಬಾಂಗ್ ತೀರ್ಮಾನ ಮಾಡಿಯಾಗಿತ್ತು.

ನಾಲ್ಕನೆಯ ಶನಿವಾರ ಮ್ಯಾಮ್ ಪ್ರೋಸಿಂಗ್ ಅವಳ ಪಕ್ಕ ಮಣೆ ಹಾಕಿಕೊಂಡು ಕೂತರು.

“ದೊಡ್ಡವಳು ನನ್ನ ಬಾಗಿಲಿಗೆ ಒಂದು ದಿನ ಬಂದಿದ್ಲು ಬೆಬಾಂಗ್. ಅವತ್ತು ಹೊರಗೆ ಅರವತ್ತು ಜನ ಇದ್ರು. ನಾಳೆ ಬಾ ಅಂದೆ. ಅವಳು ಬರ್ಲಿಲ್ಲ. ನಾನೂ ಹುಡುಕ್ಲಿಲ್ಲ.”

ಬೆಬಾಂಗ್ ಇನ್ನೊಂದು ಮೀನು ತಿರುವಿ ಹಾಕಿದಳು.

“ಇವಳ ಜನನ ಪತ್ರ ಎಲ್ಲಿಟ್ಟಿದೀಯ? ಕೊಡು, ನಾನೇ ನಕಲು ಮಾಡಿಸ್ಕೊಂಡು ಬರ್ತೀನಿ,” ಎಂದರು ಮ್ಯಾಮ್ ಪ್ರೋಸಿಂಗ್.

* * *

ಪೂಜೆ ಮುಗಿದಾಗ ಒಂದೂಕಾಲು. ಕೊನೆಯ ದರ್ಶನಕ್ಕೆಂದು ದೆನ್ಸಿಯೊ ಪೆಟ್ಟಿಗೆಯ ಮುಚ್ಚಳ ಪೂರ್ತಿ ತೆಗೆದ. ಕಾಲ ಬಳಿ, ಹಳೆಯ ಟವೆಲಿನಲ್ಲಿ, ಅದು ಇತ್ತು. ಎಲ್ಲರೂ ನೋಡಿದರು. ಲುಸೇನಾದ ಬಸ್ಸು ಚರ್ಚಿನ ಎದುರಿನಿಂದ ಎರಡಕ್ಕೆ ಹೊರಡುತ್ತದೆ.

“ಸಲೂದಕ್ಕ,” ಎಂದಳು ಬೆಬಾಂಗ್. ಹತ್ತು ಜನರ ಜೊತೆ ದಿನವೂ ಚೌಕಾಶಿ ಮಾಡುವ ದನಿ ಅದು. “ಸಾಮಾನು ಹೊರಗೆ ಬರಬಾರದು, ಒಪ್ತೀನಿ. ಕಾಗದ ಒಳಗೆ ಹೋಗಬಹುದಲ್ಲ?”

ಸಲೂದ್ ಯೋಚಿಸಿದಳು. “ಒಳಗೆ ಹೋದ್ರೆ ಅದೂ ಅವಳದ್ದೇ ಆಯ್ತು.”

“ಅರ್ಧ ಹೋಗ್ಲಿ. ಇನ್ನರ್ಧ ನನ್ನ ಮಗಳ ಕೈಯಲ್ಲೇ ಇರುತ್ತೆ. ಮುದ್ರೆ ಬಿದ್ದ ಕೂಡ್ಲೆ ಎಳ್ಕೊಳ್ತಾಳೆ.”

ಸಲೂದ್ ಪಾದ್ರಿಯ ಮುಖ ನೋಡಿದಳು. ಪಾದ್ರಿಗಳು ಮೇಣದಬತ್ತಿಯನ್ನು ನೋಡುತ್ತಿದ್ದರು. ಪಾದ್ರಿಗಳ ಶಾಲೆಯಲ್ಲಿ ಅವರಿಗೆ ಈ ವಿಷಯದ ಪಾಠವಾಗಿರಲಿಲ್ಲ.

“ಒತ್ತೋದು ನಾನು. ಬೇರೆ ಯಾರೂ ಮುಟ್ಟಬಾರದು,” ಎಂದಳು ಸಲೂದ್ ಕೊನೆಗೆ.

ಮಗ್ತಿಬಾಯ್ ಸರ್ ಜೇಬಿನಿಂದ ಪೆನ್ನು ತೆಗೆಯುತ್ತ, “ಯಾರೂ ಫೋಟೋ ತೆಗೀಬೇಡಿ, ಜಿಲ್ಲಾ ಕಚೇರಿಯೋರು ನೋಡಿದ್ರೆ ನನ್ನನ್ನೂ ಇದ್ರಲ್ಲೇ ಮಲಗಿಸ್ತಾರೆ,” ಎಂದರು.

ಇನ್ನೇನು ರೋಡಲಿನ್ ಮುಂದೆ ಬರಬೇಕು, ಹಿಂದಿನ ಬೆಂಚುಗಳಿಂದ ಮಕ್ಕಳು ಎದ್ದರು. ಒಬ್ಬ, ಇಬ್ಬರು, ನಾಲ್ವರು, ಆಮೇಲೆ ಗುಂಪು. ಮೂವತ್ತಕ್ಕೂ ಹೆಚ್ಚು ಜನ, ಎಲ್ಲರ ಕೈಯಲ್ಲೂ ಫೋಲ್ಡರು. ಮುದ್ರೆ ಮಣ್ಣಿಗೆ ಹೋಗುತ್ತದೆ ಎನ್ನುವುದು ಊರಿಗೇ ಗೊತ್ತಾಗಿತ್ತು. ತಳ್ಳಾಟ ಶುರುವಾಯಿತು. ಪೆಟ್ಟಿಗೆ ಇಟ್ಟಿದ್ದ ಗಾಲಿಯ ಸ್ಟಾಂಡು ಅಲುಗಿತು.

ಎಲ್ಲರೂ ಲೀಜೆಲ್‌ಳ ಕಡೆ ನೋಡಿದರು. ಅವಳ ಬಾಯಿಗೆ ಬಂದದ್ದು ದಿನವೂ ಬೆಳಿಗ್ಗೆ ಧ್ವಜದ ಮುಂದೆ ಕೂಗುವ ಮಾತು.

“ಸಾಲು ಮಾಡಿ. ಎತ್ತರದ ಪ್ರಕಾರ. ಕುಳ್ಳಗಿರೋರು ಮುಂದೆ.”

ಮಕ್ಕಳಿಗೆ ಅದು ಉಸಿರಾಡಿದಷ್ಟು ಅಭ್ಯಾಸ. ಅರೆಗಳಿಗೆಯಲ್ಲಿ ಸಾಲು ನಿಂತಿತು. ರೋಡಲಿನ್ ಅವರೆಲ್ಲರಿಗಿಂತ ಎತ್ತರದ ಹುಡುಗಿ. ಅವಳೂ ಯೋಚಿಸದೆ ಕೊನೆಗೆ ಹೋಗಿ ನಿಂತಳು, ಹನ್ನೆರಡು ವರ್ಷದಿಂದ ಅವಳು ನಿಲ್ಲುತ್ತಿದ್ದ ಜಾಗ ಅದು.

ಸಲೂದ್ ತಂಗಿಯ ಕಾಲ ಬಳಿ ಬಾಗಿ ಒತ್ತತೊಡಗಿದಳು. ಮುದುಕಿಯ ಕೈಗೆ ಶಕ್ತಿ ಸಾಲದು. ಪ್ರತಿ ಕಾಗದಕ್ಕೂ ಎರಡು ಸಲ, ಮೂರು ಸಲ. ಮಕ್ಕಳು ಕಾಗದದ ಒಂದು ಅಂಚು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಅಂಚನ್ನು ಪೆಟ್ಟಿಗೆಯೊಳಗೆ ಚಾಚುತ್ತಿದ್ದರು. ಮುದ್ರೆ ಬಿದ್ದ ಮೇಲೆ ಕೆಲವರು ಶಿಲುಬೆಯ ಗುರುತು ಹಾಕಿಕೊಂಡರು, ಕೆಲವರು ಅಭ್ಯಾಸಬಲದಿಂದ ಹೆಣಕ್ಕೆ “ಥ್ಯಾಂಕ್ಯೂ ಮ್ಯಾಮ್” ಎಂದು ಹೊರಟರು.

* * *

ಮ್ಯಾಮ್ ಪ್ರೋಸಿಂಗರ ಬಾಗಿಲ ಮುಂದೆ ದಿನವೂ ಸಾಲು ಇರುತ್ತಿತ್ತು. ಅವರು ಬಂದು ಬೀಗ ತೆಗೆಯುವ ಮೊದಲೇ ಕೇಳುತ್ತಿದ್ದರು:

“ಇವತ್ತೇ ಕೊನೆ ದಿನ ಇರೋರು ಯಾರು?”

ಕೈ ಎತ್ತಿದವರು ಒಳಗೆ. “ಈ ವಾರ ಇರೋರು?” ಅವರು ಬೆಂಚಿನ ಮೇಲೆ. ಉಳಿದವರಿಗೆ ಹಿರಿಯ ತರಗತಿಯ ಒಬ್ಬೊಬ್ಬರನ್ನು ಗಂಟು ಹಾಕುತ್ತಿದ್ದರು. ಅರ್ಜಿ ತುಂಬುವುದನ್ನು ಕಲಿತವನು ಇಬ್ಬರಿಗೆ ಕಲಿಸದೆ ಹೋಗುವ ಹಾಗಿಲ್ಲ. ಹೆದರಿದವರನ್ನು ಮಾತ್ರ ಯಾರಿಗೂ ಒಪ್ಪಿಸುತ್ತಿರಲಿಲ್ಲ. ಬಾ, ನನ್ನ ಜೊತೆ ಕ್ಯಾಂಟೀನಿನ ತನಕ ನಡಿ ಎನ್ನುತ್ತಿದ್ದರು. ಹೋಗುವಾಗ ಒಬ್ಬರು, ಬರುವಾಗ ಒಬ್ಬರು. ಹಾಗಾಗಿ ಮ್ಯಾಮ್ ಪ್ರೋಸಿಂಗ್ ದಿನಕ್ಕೆ ಹತ್ತು ಸಲ ಕ್ಯಾಂಟೀನಿಗೆ ಹೋಗುತ್ತಾರೆ, ತಿನ್ನುವುದೇ ಅವರ ಕೆಲಸ ಎಂದು ಟೀಚರುಗಳ ಕೋಣೆಯಲ್ಲಿ ನಗುತ್ತಿದ್ದರು. ನಕ್ಕವರಲ್ಲಿ ಲೀಜೆಲ್‌ಳೂ ಇದ್ದಳು.

* * *

ಸಾಲಿನಲ್ಲಿ ಇನ್ನೂ ಮೂವರಿದ್ದಾಗ ಬಸ್ಸಿನ ಹಾರನ್ ಕೇಳಿಸಿತು, ಆಮೇಲೆ ಅದು ಹೊರಟ ಸದ್ದು. ಬೆಬಾಂಗ್ ಬಾಗಿಲ ತನಕ ಓಡಿ ಹೋಗಿ, ಬರಿಗೈಯಲ್ಲಿ ಬಂದಳು.

ಲೀಜೆಲ್ ಮುದ್ರೆ ಒತ್ತಿಸಿಕೊಂಡು ಹೋಗುತ್ತಿದ್ದವರನ್ನೂ ಸಾಲಿನಲ್ಲಿದ್ದವರನ್ನೂ ಕೇಳುತ್ತ ಹೋದಳು. ನಿಂದು ಯಾವತ್ತು? ಮುಂದಿನ ತಿಂಗಳು ಮ್ಯಾಮ್. ನಿಂದು? ಇನ್ನೂ ಅರ್ಜಿ ಹಾಕಿಲ್ಲ ಮ್ಯಾಮ್, ಇರ್ಲಿ ಅಂತ ಬಂದೆ. ಮೂವತ್ತನಾಲ್ಕು ಜನರಲ್ಲಿ ಇವತ್ತು ಬೇಕಾಗಿದ್ದದ್ದು ಒಬ್ಬಳಿಗೆ, ಅವಳನ್ನೇ ತಾನು ಕೊನೆಗೆ ಕಳಿಸಿದ್ದಳು. ಯಾರೂ ಅವಳನ್ನು ಬಯ್ಯಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ರೋಡಲಿನ್‌ಳ ಕಾಗದಕ್ಕೆ ಮುದ್ರೆ ಬಿತ್ತು. ಅವಳು ಬೆರಳಾಡಿಸಿ ನೋಡಿದಳು. ಹೆಡ್ಮಾಸ್ತರು ಸಹಿ ಹಾಕಿದರು. ದೆನ್ಸಿಯೊ ಮುಚ್ಚಳ ಹಾಕಿದ.

“ನಾಗಾ ಊರಿಂದ ಬರೋ ಬಸ್ಸೊಂದಿದೆ, ಎರಡೂವರೆ ಸುಮಾರಿಗೆ ಹೋಗುತ್ತೆ,” ಎಂದ ಅವನು. “ಕೈ ಅಡ್ಡ ಹಾಕಿದ್ರೆ ನಿಲ್ಲಿಸ್ತಾನೆ. ಎರಡು ಗಂಟೆ ದಾರಿ. ಹೋಗಬಹುದು, ಕಷ್ಟಪಟ್ಟು.”

ತಾಯಿ ಮಗಳು ಹೆದ್ದಾರಿಗೆ ಹೋಗಿ ನಿಂತರು. ಮೆರವಣಿಗೆ ಹೊರಟಿತು.

ಊರಿನಿಂದ ಸ್ಮಶಾನಕ್ಕೆ ಇರುವುದು ಅದೇ ಹೆದ್ದಾರಿ, ಲುಸೇನಾಕ್ಕೆ ಹೋಗುವುದೂ ಅದೇ. ಮುಂದೆ ಬ್ಯಾಂಡಿನವರು, ಹಿಂದೆ ವ್ಯಾನು, ಅದರ ಹಿಂದೆ ಸಲೂದ್, ಅವಳ ಹಿಂದೆ ಛತ್ರಿ ಹಿಡಿದ ಶಾಲೆ. ಸಾವಿರಕ್ಕೂ ಹೆಚ್ಚು ಮಕ್ಕಳು ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ತುಂಬಿ ನಿಧಾನ ನಡೆದರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಗದ್ದೆ. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು.

ಲೀಜೆಲ್ ಹಿಂತಿರುಗಿ ನೋಡಿದಾಗ ಬಸ್ಸು ಕಾಣಿಸಿತು. ಛತ್ರಿಗಳ ಹಿಂದೆ, ಹೆಣದ ಹಿಂದೆ ಹೋಗುವ ಎಲ್ಲ ಬಸ್ಸುಗಳ ಹಾಗೆ, ಹಾರನ್ ಮಾಡದೆ ತೆವಳುತ್ತಿತ್ತು. ಶವ ದಾಟಿ ಹೋಗುವ ಡ್ರೈವರ್ ಈ ಸೀಮೆಯಲ್ಲಿಲ್ಲ. ಮುಂದಿನ ಕಿಟಕಿಯಲ್ಲಿ ರೋಡಲಿನ್ ಇದ್ದಳು, ಫೋಲ್ಡರನ್ನು ಎದೆಗೆ ಅವಚಿಕೊಂಡು. ಗಂಟೆ ಎರಡೂ ನಲವತ್ತೆರಡು. ಸ್ಮಶಾನದ ತಿರುವಿಗೆ ಇನ್ನೂ ಅರ್ಧ ಗಂಟೆಯ ನಡಿಗೆ.

ಲೀಜೆಲ್ ಓಡಿ ಹೋಗಿ ಸಲೂದ್‌ಳ ಪಕ್ಕ ನಡೆದಳು. ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ತಿಳಿಯದೆಯೇ ಹೇಳಿದಳು.

“ಅಕ್ಕ, ಹಿಂದೆ ಬಸ್ಸಿದೆ. ಆ ಹುಡುಗಿ ಅದರಲ್ಲಿದಾಳೆ. ಅವಳಿಗೆ ಇವತ್ತೇ ಕೊನೆ. ತಪ್ಪು ನಂದು, ಸಾಲಲ್ಲಿ ಹಿಂದೆ ಹಾಕಿದ್ದು ನಾನು.”

ಸಲೂದ್ ನಡೆಯುತ್ತಲೇ ಹಿಂತಿರುಗಿ ನೋಡಿದಳು, ತುಂಬ ಹೊತ್ತು ನೋಡಿದಳು. ಆಮೇಲೆ ಮುಂದೆ ಹೋಗಿ ವ್ಯಾನಿನ ಬಾಗಿಲು ಬಡಿದಳು.

“ಪಕ್ಕಕ್ಕೆ ಹಾಕು.”

ದೆನ್ಸಿಯೊ ಕತ್ತು ಹೊರಗೆ ಹಾಕಿದ. “ಏನಕ್ಕ?”

“ಗದ್ದೆ ಕಡೆ ಹಾಕು. ನಿಲ್ಲಿಸು. ಬಸ್ಸು ಹೋಗ್ಲಿ.”

“ಚರ್ಚಿನಿಂದ ಹೊರಟ ಮೇಲೆ ನಡುವೆ ನಿಲ್ಲಿಸಬಾರದು ಅಕ್ಕ. ನಿಂತ್ರೆ ಸಾವು ಅದೇ ಮನೆಯಿಂದ ಇನ್ನೊಬ್ರನ್ನ ಕರ್ಕೊಂಡು ಹೋಗುತ್ತೆ ಅಂತಾರೆ. ನಿಂಗೆ ಗೊತ್ತಿಲ್ವಾ?”

“ಗೊತ್ತಿದೆ. ಆ ಮನೇಲಿ ಇನ್ನು ಯಾರಿದಾರೆ?”

ದೆನ್ಸಿಯೊ ಸ್ಟೀರಿಂಗ್ ತಿರುಗಿಸಲಿಲ್ಲ.

“ಯಾರಿದಾರೆ ಹೇಳು. ನಾನೊಬ್ಳು ತಾನೇ? ನಿಲ್ಲಿಸು.”

ವ್ಯಾನು ಹುಲ್ಲಿಗೆ ಇಳಿಯಿತು, ಒಂದು ಕಡೆ ವಾಲಿಕೊಂಡು ನಿಂತಿತು. ಬ್ಯಾಂಡಿನವರು ಏನೂ ತಿಳಿಯದೆ ಇನ್ನೂ ನಾಲ್ಕು ಹೆಜ್ಜೆ ಬಾರಿಸುತ್ತ ಹೋಗಿ, ಒಬ್ಬೊಬ್ಬರಾಗಿ ನಿಲ್ಲಿಸಿದರು. ಲೀಜೆಲ್ ಕೈ ಬೀಸಿದಳು. ಸಾವಿರ ಮಕ್ಕಳು ಯಾಕೆಂದು ಕೇಳದೆ ರಸ್ತೆಯ ಎರಡೂ ಅಂಚಿಗೆ ಸರಿದರು, ಅರ್ಧ ಜನ ಗದ್ದೆಯ ನೀರಿಗೇ ಇಳಿದರು. ಬಸ್ಸಿನ ಡ್ರೈವರ್ ಬರಲು ಒಪ್ಪಲಿಲ್ಲ. ಸಲೂದ್ ರಸ್ತೆಯ ಮಧ್ಯೆ ನಿಂತು ಅವನನ್ನು ಕೈಮಾಡಿ ಕರೆದಳು, ಬಾ, ಬಾ ಎಂದು, ಅಂಗಳದಲ್ಲಿ ಕೋಳಿ ಕರೆಯುವ ಹಾಗೆ.

ಬಸ್ಸು ಬಂತು. ಒಳಗಿದ್ದವರೆಲ್ಲ ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಂಡರು, ಡ್ರೈವರ್ ಟೋಪಿ ತೆಗೆದು ತೊಡೆಯ ಮೇಲಿಟ್ಟ. ರೋಡಲಿನ್ ಕೈ ಎತ್ತಿದಳು, ಬೀಸುವುದೋ ಹಣೆಗೆ ಒಯ್ಯುವುದೋ ತಿಳಿಯದೆ ಅದು ಅಲ್ಲೇ ನಿಂತಿತು. ಅವಳು ಹೆಣದ ವ್ಯಾನನ್ನು ದಾಟಿ ಹೋದಳು. ಖಾಲಿ ರಸ್ತೆಯ ಮೇಲೆ ಬಸ್ಸು ವೇಗ ಹಿಡಿಯಿತು. ಗದ್ದೆಯ ಕೆಸರಿನಲ್ಲಿ ಮೊಣಕಾಲ ತನಕ ನಿಂತಿದ್ದ ಮಕ್ಕಳು ಛತ್ರಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರು, ವ್ಯಾನಿನ ಹಿಂಬಾಗಿಲಿನ ಗಾಜಿನಲ್ಲಿ ಅವರೆಲ್ಲ ಕಾಣುತ್ತಿದ್ದರು.